ಲೈವ್ ಸಂಗೀತ ಕಾರ್ಯಕ್ರಮಕ್ಕೆ ಹೋಗುವ ಮುನ್ನ: ಸದ್ದು, ಸಮಯ ಮತ್ತು ಜನಸಂದಣಿಯ ಒಳಗುಟ್ಟು

ಇಯರ್‌ಫೋನಿನಲ್ಲಿ ಬಾಯಿಪಾಠವಾಗುವಷ್ಟು ಕೇಳಿದ ಹಾಡನ್ನು ಮೊದಲ ಬಾರಿಗೆ ವೇದಿಕೆಯ ಎದುರು ನಿಂತು ಕೇಳಿದವರಲ್ಲಿ ಹಲವರು ಒಳಗೊಳಗೇ ಪೆಚ್ಚಾಗುತ್ತಾರೆ. ಗಾಯಕಿ ಪದಗಳ ನಡುವೆ ಉಸಿರೆಳೆಯುವ ಸದ್ದು ಇಲ್ಲಿ ಕೇಳಿಸುವುದಿಲ್ಲ. ಸಾಹಿತ್ಯದ ಅರ್ಧ ಭಾಗ ಡ್ರಮ್ಸ್ ಅಬ್ಬರದಡಿ ಹೂತುಹೋಗಿರುತ್ತದೆ. ಹಾಡಿನ ಓಟ ಹೆಚ್ಚಿರುತ್ತದೆ, ಶ್ರುತಿ ಅರ್ಧ ಮನೆ, ಅಂದರೆ ಅರ್ಧ ಸ್ವರದಷ್ಟು, ಕೆಳಗಿಳಿದಿರುತ್ತದೆ. ನೀವು ಕಾಯುತ್ತಿದ್ದ ಚರಣ ಬಂದಾಗ ಗಾಯಕಿ ಅದನ್ನು ಹಾಡದೆ ಮೈಕನ್ನು ಜನರ ಕಡೆಗೆ ತಿರುಗಿಸಿಬಿಡುತ್ತಾರೆ. ಇಷ್ಟಕ್ಕೇ ಟಿಕೆಟ್ ಕೊಂಡೆನೇ ಎಂದು ಅನ್ನಿಸಿದರೆ ಆಶ್ಚರ್ಯವಿಲ್ಲ.

ಮೋಸವೇನೂ ಆಗಿಲ್ಲ. ಸ್ಟುಡಿಯೋದಲ್ಲಿ ಒಂದೊಂದು ವಾದ್ಯವನ್ನೂ ಬೇಕಾದಷ್ಟು ಸಲ ನುಡಿಸಿ, ಚೆನ್ನಾಗಿ ಬಂದ ತುಣುಕುಗಳನ್ನು ಆಯ್ದು, ಹೊಂದಿಸಿ, ಸಾಣೆ ಹಿಡಿದು ಕೊಟ್ಟದ್ದನ್ನು ನೀವು ಮನೆಯಲ್ಲಿ ಕೇಳುತ್ತಿದ್ದಿರಿ. ಎದುರಿಗೆ ನಡೆಯುವ ಕಾರ್ಯಕ್ರಮದಲ್ಲಿ ಅದೇ ಹಾಡು ಗಾಳಿಯಲ್ಲಿ ಸಾಗಿ, ಗೋಡೆಗೆ ಬಡಿದು, ಸಾವಿರಾರು ಜನರ ಮೈಮೇಲೆ ಹಾದು ಬರುತ್ತದೆ. ನೀವು ನಿಂತ ಜಾಗ, ಆ ಸಂಜೆಯ ಗಾಳಿ, ಪಕ್ಕದವರ ಕೂಗು ಎಲ್ಲಕ್ಕೂ ಅದರಲ್ಲಿ ಪಾಲಿದೆ. ಈ ಪಾಲುಗಳ ಲೆಕ್ಕವನ್ನು ಸ್ವಲ್ಪವಾದರೂ ತಿಳಿದು ಹೋದವರಿಗೆ ಅದೇ ಕಾರ್ಯಕ್ರಮ ಹೆಚ್ಚು ದಕ್ಕುತ್ತದೆ ಎಂಬುದು ನನ್ನ ಖಚಿತ ನಂಬಿಕೆ. ಯಾವ ಚಪ್ಪಲಿ ಹಾಕಬೇಕು ಎಂಬುದನ್ನು ಆಮೇಲೆ ನೋಡೋಣ. ಮೊದಲು ಸದ್ದಿನ ವಿಷಯ.

ನಿಂತ ಜಾಗವೇ ಅರ್ಧ ಸಂಗೀತ

ಸುಮಾರು 20 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದ ಗಾಳಿಯಲ್ಲಿ ಶಬ್ದ ಸೆಕೆಂಡಿಗೆ 343 ಮೀಟರ್ ಸಾಗುತ್ತದೆ. ಕೇಳಲು ಇದು ದೊಡ್ಡ ವೇಗ. ಆದರೆ ಮೈದಾನದಲ್ಲಿ ವೇದಿಕೆಯಿಂದ 100 ಮೀಟರ್ ಹಿಂದೆ ನಿಂತವರಿಗೆ ಸದ್ದು ತಲುಪಲು ಹೆಚ್ಚುಕಡಿಮೆ 0.3 ಸೆಕೆಂಡ್ ಬೇಕು. ಬೆಳಕಿಗೆ ಇಂಥ ತಡವಿಲ್ಲ. ಹಾಗಾಗಿ ಡ್ರಮ್ಸ್ ಕೋಲು ಕೆಳಗೆ ಬಿದ್ದದ್ದು ಕಣ್ಣಿಗೆ ಕಂಡ ಮೇಲೆ ಕಿವಿಗೆ ಪೆಟ್ಟು ಕೇಳುತ್ತದೆ. ದೂರದ ಮೂಲೆಯಲ್ಲಿರುವವರು ಒಟ್ಟಾಗಿ ಚಪ್ಪಾಳೆ ತಟ್ಟಲು ಹೊರಟರೆ ಅದು ತಾಳದ ಹಿಂದೆ ಬೀಳುವುದೂ ಇದೇ ಕಾರಣಕ್ಕೆ. ಅವರಿಗೆ ಲಯಜ್ಞಾನವಿಲ್ಲ ಎಂದು ಬೈಯಬೇಡಿ. ಅವರು ಕೇಳುತ್ತಿರುವ ತಾಳವೇ ತಡವಾಗಿ ಬಂದದ್ದು.

ದೊಡ್ಡ ಮೈದಾನಗಳಲ್ಲಿ ಜನರ ನಡುವೆ ಅಲ್ಲಲ್ಲಿ ಸ್ಪೀಕರ್ ಗೋಪುರಗಳನ್ನು ನಿಲ್ಲಿಸಿರುತ್ತಾರೆ. ಅವಕ್ಕೆ ಡಿಲೇ ಟವರ್ ಎಂಬ ಹೆಸರಿದೆ. ವೇದಿಕೆಯಿಂದ ಬರುವ ಸದ್ದು ಅಲ್ಲಿಗೆ ತಲುಪುವವರೆಗೆ ಗೋಪುರದ ಸ್ಪೀಕರ್ ಕಾಯಬೇಕು. ಕಾಯದೆ ಕೂಡಲೇ ನುಡಿದರೆ ಒಂದೇ ಪದ ಎರಡು ಸಲ ಕೇಳಿಸಿ ಎಲ್ಲವೂ ಕಲಸುಮೇಲೋಗರ. ಆದ್ದರಿಂದ ವಿದ್ಯುತ್ ಸಂಕೇತವನ್ನು ಬೇಕೆಂದೇ ತಡೆಹಿಡಿದು, ಮೂಲ ಸದ್ದು ದಾಟಿದ ಕೆಲವೇ ಮಿಲಿಸೆಕೆಂಡುಗಳ ನಂತರ ಬಿಡುತ್ತಾರೆ. ಆಗ ಹತ್ತಿರದ ಗೋಪುರ ಸ್ವಲ್ಪ ಜೋರಾಗಿ ನುಡಿದರೂ ಸದ್ದು ವೇದಿಕೆಯಿಂದಲೇ ಬರುತ್ತಿದೆ ಎಂದು ಮಿದುಳು ನಂಬುತ್ತದೆ. ಮೊದಲು ತಲುಪಿದ ಸದ್ದಿನ ದಿಕ್ಕನ್ನೇ ಕಿವಿ ಹಿಡಿಯುತ್ತದೆ ಎಂಬ ಈ ಗುಣವನ್ನು ಸಂಶೋಧಕ ಹೆಲ್ಮುಟ್ ಹಾಸ್ 1949ರ ತಮ್ಮ ಪ್ರಬಂಧದಲ್ಲಿ ವಿವರವಾಗಿ ಅಳೆದು ತೋರಿಸಿದ್ದರು. ದೊಡ್ಡ ಮೈದಾನದಲ್ಲಿ ಹಿಂದಿನ ಟಿಕೆಟ್ ಕೊಳ್ಳಬೇಕಾಗಿ ಬಂದರೆ ಗೋಪುರದಿಂದ ಸ್ವಲ್ಪ ಹಿಂದಕ್ಕೆ, ಅದರ ನೇರಕ್ಕೆ ನಿಲ್ಲಿ. ಗೋಪುರದ ಮುಂಭಾಗದಲ್ಲಿ, ವೇದಿಕೆಗೂ ಅದಕ್ಕೂ ನಡುವಿನ ಕೊನೆಯ ಸಾಲುಗಳಲ್ಲಿರುವವರಿಗೆ ಸದ್ದು ಮಸುಕಾಗಿ ಕೇಳಿಸುವುದು ಹೆಚ್ಚು.

ಎಲ್ಲ ಸ್ವರಗಳೂ ಒಂದೇ ರೀತಿ ಪ್ರಯಾಣ ಮಾಡುವುದಿಲ್ಲ. 50 ಹರ್ಟ್ಜ್‌ನ, ಅಂದರೆ ಸೆಕೆಂಡಿಗೆ 50 ಸಲ ಕಂಪಿಸುವ, ಮಂದ್ರ ಸದ್ದಿನ ಒಂದು ಅಲೆಯ ಉದ್ದ ಸುಮಾರು 7 ಮೀಟರ್. ಹೊಳೆಯ ನೀರು ಕಂಬವನ್ನು ಬಳಸಿ ಹರಿಯುವಂತೆ ಅದು ಜನರನ್ನು ಬಳಸಿಕೊಂಡು ಮುಂದೆ ಹೋಗುತ್ತದೆ. 10,000 ಹರ್ಟ್ಜ್‌ನ ಅಲೆಯ ಉದ್ದ ಮೂರೂವರೆ ಸೆಂಟಿಮೀಟರ್ ಕೂಡ ಇಲ್ಲ. ಅದನ್ನು ಎದುರಿಗಿರುವ ಒಂದು ತಲೆ ತಡೆಯಬಲ್ಲದು, ಗಾಳಿಯೇ ಹೀರಿಬಿಡಬಲ್ಲದು. ಆದ್ದರಿಂದಲೇ ಸಭಾಂಗಣದ ಹೊರಗೆ ನಿಂತವರಿಗೆ ಬರೀ ಡಬ್ ಡಬ್ ಕೇಳಿಸುತ್ತದೆ, ಹಾಡು ಕೇಳಿಸುವುದಿಲ್ಲ. ಮಾತಿನ ಸ್ಪಷ್ಟತೆಯನ್ನು ಹೊತ್ತ ವ್ಯಂಜನಗಳು, ಸ, ಶ, ತ ಮುಂತಾದವು, ಈ ಮೇಲಿನ ಆವರ್ತನಗಳನ್ನು ನೆಚ್ಚಿಕೊಂಡಿವೆ. ಪದಗಳು ಕೇಳಬೇಕೆಂದರೆ ಸ್ಪೀಕರ್ ನಿಮ್ಮ ಕಣ್ಣಿಗೆ ಕಾಣುವಂತಿರಬೇಕು ಎಂಬ ಸರಳ ನಿಯಮಕ್ಕೆ ಕಾರಣವಿದು.

ಮಂದ್ರ ಸದ್ದಿಗೆ ಇನ್ನೊಂದು ಚಾಳಿಯಿದೆ. ವೇದಿಕೆಯ ಎಡಕ್ಕೂ ಬಲಕ್ಕೂ ಇರಿಸಿದ ಭಾರಿ ಸಬ್‌ವೂಫರ್‌ಗಳ ಅಲೆಗಳು ಕೆಲವು ಕಡೆ ಒಂದಕ್ಕೊಂದು ಕೂಡಿ ಉಬ್ಬುತ್ತವೆ, ಕೆಲವು ಕಡೆ ಒಂದನ್ನೊಂದು ಅಳಿಸುತ್ತವೆ. ನಟ್ಟನಡುವಿನ ರೇಖೆಯಲ್ಲಿ ಎರಡೂ ಕಡೆಯ ಅಲೆಗಳು ಒಟ್ಟಿಗೆ ತಲುಪುವುದರಿಂದ ಅಲ್ಲಿ ಎದೆ ನಡುಗುತ್ತದೆ. ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದರೆ ಬೇಸ್ ಗಿಟಾರ್ ಎಲ್ಲಿ ಹೋಯಿತು ಎಂದು ಹುಡುಕಬೇಕು. ಯಾವುದೋ ಒಂದು ಜಾಗದಲ್ಲಿ ಸದ್ದು ತೀರಾ ಗೊಡ್ಡಾಗಿ ಕೇಳಿಸಿದರೆ ತಂತ್ರಜ್ಞರನ್ನು ಶಪಿಸುವ ಮೊದಲು ಒಂದಷ್ಟು ದೂರ ಸರಿದು ನೋಡಿ.

ಹಾಗಾದರೆ ಒಳ್ಳೆಯ ಜಾಗ ಯಾವುದು? ಸಭಾಂಗಣದ ನಡುವೆ, ಸಾಮಾನ್ಯವಾಗಿ ವೇದಿಕೆಗೆ ಎದುರಾಗಿ, ಕಟಕಟೆ ಹಾಕಿದ ಒಂದು ಕಟ್ಟೆಯ ಮೇಲೆ ಗುಂಡಿಗಳು ತುಂಬಿದ ದೊಡ್ಡ ಹಲಗೆಯೊಂದು ಇರುತ್ತದೆ. ಅದೇ ಮಿಕ್ಸಿಂಗ್ ಡೆಸ್ಕ್. ಪ್ರತಿ ವಾದ್ಯವೂ ಪ್ರತಿ ದನಿಯೂ ಎಷ್ಟು ಕೇಳಬೇಕೆಂದು ನಿರ್ಧರಿಸುವ ವ್ಯಕ್ತಿ ಅಲ್ಲಿ ಕುಳಿತು ತನ್ನ ಕಿವಿಗೆ ಬಿದ್ದದ್ದನ್ನು ತಿದ್ದುತ್ತಿರುತ್ತಾರೆ. ಅಂದರೆ ಇಡೀ ಕಾರ್ಯಕ್ರಮದ ಸದ್ದು ಆ ಜಾಗಕ್ಕೆ ಅಳತೆ ಮಾಡಿ ಹೊಲಿದದ್ದು. ಅದರ ಅಕ್ಕಪಕ್ಕ ಅಥವಾ ಸ್ವಲ್ಪ ಮುಂದೆ ಜಾಗ ಸಿಕ್ಕಿದರೆ ಬಿಡಬೇಡಿ. ವೇದಿಕೆಗೆ ಅಂಟಿಕೊಂಡ ಮೊದಲ ಸಾಲು ಮುಖ ನೋಡಲು ಒಳ್ಳೆಯದು, ಕೇಳಲು ಅಲ್ಲ. ಮುಖ್ಯ ಸ್ಪೀಕರ್‌ಗಳು ಆ ತಲೆಗಳ ಮೇಲಿಂದ ಹಿಂದಕ್ಕೆ ಗುರಿಯಿಟ್ಟಿರುತ್ತವೆ. ಮೊದಲ ಸಾಲಿನವರಿಗೆ ವೇದಿಕೆಯ ಅಂಚಿನ ಸಣ್ಣ ಸ್ಪೀಕರ್‌ಗಳ ಸದ್ದು, ಡ್ರಮ್ಸಿನ ಬರಿಸದ್ದು, ಗಿಟಾರ್ ಆಂಪ್ಲಿಫೈಯರಿನ ಚೀರು ಇವೆಲ್ಲ ಬೆರೆತು ಕೇಳಿಸುತ್ತವೆ. ಎರಡೂ ಬೇಕೆನ್ನುವ ಆಸೆ ಮನುಷ್ಯಸಹಜ. ಆದರೆ ಆಯ್ದುಕೊಳ್ಳಬೇಕು.

ಕಟ್ಟಡದ ಪಾತ್ರವೂ ಸಣ್ಣದಲ್ಲ. ಸದ್ದು ನಿಂತ ಮೇಲೆ ಅದು 60 ಡೆಸಿಬೆಲ್ ಕುಗ್ಗಲು ಹಿಡಿಯುವ ಹೊತ್ತಿಗೆ ಅನುರಣನ ಕಾಲ ಎನ್ನುತ್ತಾರೆ. ಇದರ ಲೆಕ್ಕವನ್ನು ಕಂಡುಕೊಟ್ಟವರು ಹಾರ್ವರ್ಡ್‌ನ ಭೌತವಿಜ್ಞಾನಿ ವ್ಯಾಲೇಸ್ ಸೇಬಿನ್. 1895ರಲ್ಲಿ ಅವರಿಗೆ ವಹಿಸಿದ ಕೆಲಸ ಮಾತೇ ಅರ್ಥವಾಗದಷ್ಟು ಗುಂಯ್‌ಗುಡುತ್ತಿದ್ದ ಒಂದು ಉಪನ್ಯಾಸ ಕೊಠಡಿಯನ್ನು ಸರಿಪಡಿಸುವುದು. ಇನ್ನೊಂದು ಸಭಾಂಗಣದ ಆಸನಗಳ ಮೆತ್ತೆಗಳನ್ನು ರಾತ್ರಿ ಹೊತ್ತು ಹೊತ್ತು ತಂದು, ಒಂದೊಂದು ಕಂತು ಹೆಚ್ಚಿಸಿದಾಗಲೂ ಸದ್ದು ಎಷ್ಟು ಬೇಗ ಅಡಗುತ್ತದೆಂದು ಅಳೆದರು. ಆ ಅಳತೆಗಳಿಂದ ಹುಟ್ಟಿದ ಸೂತ್ರವನ್ನು ಬಳಸಿ ಕಟ್ಟಿದ ಬಾಸ್ಟನ್ ಸಿಂಫನಿ ಹಾಲ್ 1900ರಲ್ಲಿ ತೆರೆಯಿತು. ಇಂದಿಗೂ ಜಗತ್ತಿನ ಅತ್ಯುತ್ತಮ ಸಂಗೀತ ಸಭಾಂಗಣಗಳ ಸಾಲಿನಲ್ಲಿ ಅದರ ಹೆಸರಿದೆ. ಮೈಕ್ ಇಲ್ಲದ ವಾದ್ಯವೃಂದಕ್ಕೆ ಎರಡು ಸೆಕೆಂಡಿನ ಆಸುಪಾಸಿನ ಅನುರಣನ ಮೆರುಗು ಕೊಡುತ್ತದೆ. ಅದೇ ಕೋಣೆಯಲ್ಲಿ ಡ್ರಮ್ಸ್ ಮತ್ತು ಸ್ಪೀಕರ್ ಇಟ್ಟರೆ ಒಂದು ಪೆಟ್ಟು ಅಡಗುವ ಮೊದಲೇ ನಾಲ್ಕು ಬಿದ್ದು ಎಲ್ಲ ರಾಡಿಯಾಗುತ್ತದೆ. ಕ್ರೀಡಾಂಗಣಗಳಲ್ಲಿ ಸಂಗೀತ ಹಾಳಾಗುವುದಕ್ಕೆ ಹೆಚ್ಚಿನ ಸಲ ಕಾರಣ ಅದರ ಕಾಂಕ್ರೀಟ್ ಮತ್ತು ತಗಡು. ಕಲಾವಿದರ ತಪ್ಪು ಇರುವುದಿಲ್ಲ. ಜನ ತುಂಬಿದರೆ ಸ್ಥಿತಿ ಸುಧಾರಿಸುತ್ತದೆ, ಏಕೆಂದರೆ ಬಟ್ಟೆ ತೊಟ್ಟ ಮೈಗಳು ಸದ್ದನ್ನು ಚೆನ್ನಾಗಿ ಹೀರುತ್ತವೆ. ಮಧ್ಯಾಹ್ನ ಖಾಲಿ ಸಭಾಂಗಣದಲ್ಲಿ ಸೌಂಡ್ ಚೆಕ್ ಮಾಡಿ ಹೊಂದಿಸಿದ್ದು ರಾತ್ರಿಗೆ ಬದಲಾಗಿರುತ್ತದೆ. ಮೊದಲ ಎರಡು ಮೂರು ಹಾಡುಗಳಲ್ಲಿ ಸದ್ದು ಸರಿಯಿಲ್ಲದೆ ನಾಲ್ಕನೆಯದರಲ್ಲಿ ಕೂಡಿಬರುವುದು ಇದರಿಂದಲೇ. ಅಲ್ಲಿಯವರೆಗೆ ತೀರ್ಪು ಕೊಡಬೇಡಿ.

ಇಷ್ಟೆಲ್ಲ ಏರ್ಪಾಡು ಇಲ್ಲದ ಕಾಲವೊಂದಿತ್ತು. 1965ರ ಆಗಸ್ಟ್ 15ರಂದು ನ್ಯೂಯಾರ್ಕಿನ ಶೇ ಸ್ಟೇಡಿಯಂನಲ್ಲಿ 55,000ಕ್ಕೂ ಹೆಚ್ಚು ಜನರ ಎದುರು ಬೀಟಲ್ಸ್ ಹಾಡಿದಾಗ ಗಿಟಾರ್‌ಗಳ ಹಿಂದೆ ಇದ್ದದ್ದು 100 ವಾಟ್‌ನ ಆಂಪ್ಲಿಫೈಯರ್‌ಗಳು. ಹಾಡಿನ ದನಿ ಹೊರಟದ್ದು ಬೇಸ್‌ಬಾಲ್ ಪಂದ್ಯದ ಪ್ರಕಟಣೆಗಳಿಗೆಂದು ಹಾಕಿದ್ದ ಸ್ಪೀಕರ್‌ಗಳಲ್ಲಿ. ತಾವು ಹಾಡುತ್ತಿರುವುದನ್ನು ಕೇಳಿಸಿಕೊಳ್ಳಲು ವೇದಿಕೆಯ ಮೇಲೆ ಮಾನಿಟರ್ ಸ್ಪೀಕರ್ ಕೂಡ ಇರಲಿಲ್ಲ. ಅಭಿಮಾನಿಗಳ ಕಿರುಚಾಟದಲ್ಲಿ ಸಂಗೀತ ಮುಳುಗಿತು. ಮರುವರ್ಷ ಅವರು ಪ್ರವಾಸ ಕಾರ್ಯಕ್ರಮಗಳನ್ನೇ ನಿಲ್ಲಿಸಿದರು. ಈಗಿನ ಗಾಯಕರ ಕಿವಿಯಲ್ಲಿ ಕಾಣುವ ಪುಟ್ಟ ಬಿರಡೆ ಆ ಕೊರತೆಗೆ ಸಿಕ್ಕ ಉತ್ತರ. ಅದರಲ್ಲಿ ಅವರಿಗೆ ತಮ್ಮ ದನಿ, ತಾಳದ ಟಿಕ್ ಟಿಕ್, ಕೆಲವೊಮ್ಮೆ ನಿರ್ದೇಶಕರ ಸೂಚನೆ ಕೇಳಿಸುತ್ತಿರುತ್ತದೆ. ಗಾಯಕರು ಹಾಡಿನ ನಡುವೆ ಒಂದು ಬಿರಡೆ ಕಿತ್ತರೆ ಅವರು ನಿಮ್ಮ ಕೂಗನ್ನು ಕೇಳಬಯಸಿದ್ದಾರೆ ಎಂದರ್ಥ, ಅಥವಾ ಆ ಯಂತ್ರ ಕೈಕೊಟ್ಟಿದೆ.

ಹಾಡು ಯಾಕೆ ಬೇರೆಯಾಗಿದೆ

ಶ್ರುತಿ ಇಳಿಸುವುದು ಆಲಸ್ಯವಲ್ಲ. ಸ್ಟುಡಿಯೋದಲ್ಲಿ ಒಂದು ತಾರಸ್ವರವನ್ನು ಒಮ್ಮೆ ಮುಟ್ಟಿದರೆ ಸಾಕು. ಪ್ರವಾಸದಲ್ಲಿ ಅದನ್ನು ವಾರಕ್ಕೆ ಹಲವು ರಾತ್ರಿ, ಕುಣಿಯುತ್ತಾ ಮುಟ್ಟಬೇಕು. ವಯಸ್ಸು ಕಳೆದಂತೆ ಕಂಠ ಇಳಿಯುತ್ತದೆ. ಅರ್ಧ ಮನೆ ಕೆಳಗಿಳಿಸಿ ಕಂಠ ಉಳಿಸಿಕೊಂಡವರು ವರ್ಷಗಳ ಕಾಲ ಹಾಡುತ್ತಾರೆ.

ಇನ್ನೊಂದು ಕಡೆ, ವೇದಿಕೆಯಲ್ಲಿ ಕಾಣದ ತಂತಿವಾದ್ಯಗಳು, ಇಲ್ಲದ ಸಹಗಾಯಕರು ನಿಮಗೆ ಕೇಳಿಸಬಹುದು. ಮೊದಲೇ ಮುದ್ರಿಸಿದ ಹಿನ್ನೆಲೆಯ ಪಟ್ಟಿಗಳು ಅವು. ದೀಪ, ಪರದೆಯ ಚಿತ್ರ, ಕಿಡಿಗಳ ಚಿಮ್ಮುವಿಕೆ ಎಲ್ಲವನ್ನೂ ಒಂದೇ ಸಮಯಸೂತ್ರಕ್ಕೆ ಕಟ್ಟಿದ ಭಾರಿ ಪ್ರದರ್ಶನಗಳಲ್ಲಿ ಹಾಡನ್ನು ಇಷ್ಟ ಬಂದಷ್ಟು ಎಳೆಯುವ ಸ್ವಾತಂತ್ರ್ಯ ಕಲಾವಿದರಿಗೆ ಕಡಿಮೆ. ಅಂಥ ಪ್ರವಾಸದಲ್ಲಿ ಹಾಡುಗಳ ಸರದಿ ಊರಿಂದ ಊರಿಗೆ ಬಹುಮಟ್ಟಿಗೆ ಒಂದೇ ಇರುತ್ತದೆ. ಜಾಝ್ ಅಥವಾ ರಾಗಸಂಗೀತದ ಕಡೆ ಹೋದರೆ ತದ್ವಿರುದ್ಧ: ಅಲ್ಲಿ ಆ ಕ್ಷಣಕ್ಕೆ ಹೊಳೆದಂತೆ ಹಾಡಿ ನುಡಿಸುವ ಮನೋಧರ್ಮವೇ ಮುಖ್ಯ, ನಿನ್ನೆಯದು ಇವತ್ತು ಮರುಕಳಿಸಿದರೆ ಕೇಳುಗರಿಗೇ ಬೇಸರ. ನೀವು ಹೋಗುತ್ತಿರುವುದು ಯಾವ ಬಗೆಯದು ಎಂದು ತಿಳಿದುಕೊಂಡರೆ ಅರ್ಧ ನಿರಾಸೆ ತಪ್ಪುತ್ತದೆ. ಹಿಂದಿನ ರಾತ್ರಿಗಳಲ್ಲಿ ಹಾಡಿದ ಪಟ್ಟಿಯನ್ನು ಮೊದಲೇ ನೋಡಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ: ಮಕ್ಕಳನ್ನು ಕರೆದೊಯ್ಯುವವರು, ಕೊನೆಯ ವಾಹನ ಹಿಡಿಯಬೇಕಾದವರು ನೋಡಲಿ. ಉಳಿದವರು ಆ ಕುತೂಹಲವನ್ನು ಕೊಂದುಕೊಳ್ಳಬೇಕಾಗಿಲ್ಲ.

ವಾದ್ಯಗಳನ್ನು ಶ್ರುತಿಗೆ ಕೂಡಿಸುವುದೂ ಕಾರ್ಯಕ್ರಮದ ಭಾಗವೇ, ಸಂಗೀತವಲ್ಲ ಅಷ್ಟೇ. 1971ರ ಆಗಸ್ಟ್ 1ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ನಡೆದ ಕಾರ್ಯಕ್ರಮದಲ್ಲಿ ರವಿಶಂಕರ್ ಮತ್ತು ಸಂಗಡಿಗರು ಶ್ರುತಿ ಮಾಡಿ ಮುಗಿಸುತ್ತಿದ್ದಂತೆ ಸಭೆ ಚಪ್ಪಾಳೆಯಲ್ಲಿ ಮುಳುಗಿತು. ಶ್ರುತಿ ಮಾಡುವುದನ್ನೇ ಇಷ್ಟೊಂದು ಮೆಚ್ಚಿದ ನೀವು ನುಡಿಸುವುದನ್ನು ಇನ್ನೂ ಹೆಚ್ಚು ಆನಂದಿಸುವಿರೆಂದು ನಂಬುತ್ತೇನೆ ಎಂಬ ಅರ್ಥದ ಮಾತನ್ನು ರವಿಶಂಕರ್ ನಗುತ್ತಲೇ ಹೇಳಿದರು. ಪಾಶ್ಚಾತ್ಯ ವಾದ್ಯವೃಂದದಲ್ಲಿ ಈ ಕೆಲಸಕ್ಕೆ ಓಬೋ ವಾದ್ಯ ಮೊದಲು ಒಂದು ಸ್ವರ ಹಿಡಿಯುತ್ತದೆ, ಉಳಿದವರು ಅದಕ್ಕೆ ಕೂಡಿಕೊಳ್ಳುತ್ತಾರೆ. ಅಲ್ಲಿ ಇನ್ನೊಂದು ತಕರಾರು: ಒಂದು ಕೃತಿಯ ಭಾಗಗಳ ನಡುವೆ ಚಪ್ಪಾಳೆ ತಟ್ಟಬಾರದು ಎಂಬ ರೂಢಿ. ಸಿಂಫನಿ ಎಂಬ ದೊಡ್ಡ ವಾದ್ಯವೃಂದ ಕೃತಿಗೆ ಸಾಮಾನ್ಯವಾಗಿ ನಾಲ್ಕು ಭಾಗಗಳು. ಮೊದಲ ಭಾಗ ಅಬ್ಬರದಲ್ಲಿ ಮುಗಿದಾಗ ಹೊಸಬರು ಚಪ್ಪಾಳೆ ಹೊಡೆಯುತ್ತಾರೆ, ಹಳಬರು ತಿರುಗಿ ನೋಡುತ್ತಾರೆ. ಈ ಬಿಗುಮಾನ ಪುರಾತನವೇನಲ್ಲ. 1778ರ ಜುಲೈನಲ್ಲಿ ಪ್ಯಾರಿಸ್‌ನಿಂದ ತಂದೆಗೆ ಬರೆದ ಪತ್ರದಲ್ಲಿ ಸಂಗೀತ ರಚನಕಾರ ಮೊಜಾರ್ಟ್ ತನ್ನ ಸಿಂಫನಿಯ ನಡುನಡುವೆಯೇ ಜನ ಚಪ್ಪಾಳೆ ತಟ್ಟಿದ್ದನ್ನು ಹಿಗ್ಗಿನಿಂದ ಹೇಳಿಕೊಂಡಿದ್ದಾನೆ. ಆದರೂ ಇಂದಿನ ರೂಢಿ ಇಂದಿನದು. ಗೊಂದಲವಾದರೆ ವಾದ್ಯವೃಂದವನ್ನು ಮುನ್ನಡೆಸುವ ನಿರ್ವಾಹಕರ ಕೈ ನೋಡಿ. ಕೈ ಇಳಿದು ಅವರು ನಿಮ್ಮ ಕಡೆ ತಿರುಗಿದಾಗ ಧಾರಾಳವಾಗಿ ತಟ್ಟಬಹುದು.

ಟಿಕೆಟ್ಟಿನ ಮೇಲಿನ ಹೊತ್ತು

ಅನೇಕ ಟಿಕೆಟ್‌ಗಳಲ್ಲಿ ಎರಡು ಸಮಯಗಳಿರುತ್ತವೆ: ಬಾಗಿಲು ತೆರೆಯುವುದು ಒಂದು, ಕಾರ್ಯಕ್ರಮ ಶುರುವಾಗುವುದು ಇನ್ನೊಂದು. ಎರಡನೆಯದು ಕೂಡ ನೀವು ನೋಡಬಂದ ಕಲಾವಿದರು ವೇದಿಕೆಗೆ ಬರುವ ಹೊತ್ತಲ್ಲ. ಮೊದಲು ಒಂದು ಅಥವಾ ಎರಡು ತಂಡಗಳು ಅರ್ಧ ಗಂಟೆ, ಮುಕ್ಕಾಲು ಗಂಟೆ ನುಡಿಸುತ್ತವೆ. ಅವರ ಸಾಮಾನು ಇಳಿಸಿ ಇವರದನ್ನು ಏರಿಸಲು ಮತ್ತೆ ಅರ್ಧ ಗಂಟೆಯಷ್ಟು ಹೊತ್ತು ಬೇಕು. ಮುಖ್ಯ ಪ್ರದರ್ಶನ ಒಂದೂವರೆಯಿಂದ ಎರಡು ಗಂಟೆ ಎಂದಿಟ್ಟುಕೊಂಡರೆ ಒಟ್ಟು ನಾಲ್ಕು ಗಂಟೆಗಳ ನಿಲುವು. ಚಪ್ಪಲಿಯ ಮಾತು ಇಲ್ಲಿಗೆ ಬರುತ್ತದೆ: ಮುಚ್ಚಿದ, ಹಳೆಯ, ಕಾಲಿಗೆ ಒಗ್ಗಿದ ಶೂ. ಇನ್ನೇನೂ ಹೇಳುವುದಿಲ್ಲ. ಶಾಸ್ತ್ರೀಯ ಕಾರ್ಯಕ್ರಮಗಳಲ್ಲಿ ಮಾತ್ರ ಹೇಳಿದ ಹೊತ್ತಿಗೆ ಬಾಗಿಲು ಮುಚ್ಚಬಹುದು. ತಡವಾಗಿ ಬಂದವರು ಒಂದು ಕೃತಿ ಮುಗಿಯುವವರೆಗೆ ಹೊರಗೆ ಕಾಯಬೇಕು.

ಆರಂಭದ ತಂಡಗಳನ್ನು ಯಾರೂ ಗಮನಿಸುವುದಿಲ್ಲ ಎಂಬುದು ದುಃಖದ ಸಂಗತಿ. ಒಳ್ಳೆಯ ಸಂಗೀತ ಅಲ್ಲಿ ಸಿಕ್ಕೀತು ಎಂಬ ಆಸೆಯ ಜೊತೆಗೆ ಒಂದು ಪ್ರಾಯೋಗಿಕ ಲಾಭವೂ ಇದೆ. ಯಾವ ಜಾಗದಲ್ಲಿ ಸದ್ದು ಹೇಗಿದೆ ಎಂದು ಅಡ್ಡಾಡಿ ಪರೀಕ್ಷಿಸಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ.

ಮುಗಿಯುವ ಹೊತ್ತು ಬಹಳ ಕಡೆ ಕಾನೂನಿಗೆ ಕಟ್ಟುಬಿದ್ದಿರುತ್ತದೆ. ಅದನ್ನು ಮೀರಿದರೆ ದೊಡ್ಡವರಿಗೂ ಮುಲಾಜಿಲ್ಲ. 2012ರ ಜುಲೈ 14ರಂದು ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಮತ್ತು ಪಾಲ್ ಮೆಕಾರ್ಟ್ನಿ ಒಟ್ಟಿಗೆ ಹಾಡುತ್ತಾ ಗಡುವು ದಾಟಿದಾಗ ಮೈಕುಗಳ ಸಂಪರ್ಕ ಕಡಿದರು. ಜನರಿಗೆ ಧನ್ಯವಾದ ಹೇಳಲು ಅವರು ಬಾಯಿ ತೆರೆದರೆ ಸದ್ದಿಲ್ಲ.

ಇನ್ನು ಎನ್‌ಕೋರ್. ಕೊನೆಯ ಹಾಡು ಹಾಡಿ, ಕೈಬೀಸಿ, ಕಲಾವಿದರು ಒಳಗೆ ಹೋಗುತ್ತಾರೆ. ಕತ್ತಲು. ಜನ ಕೂಗುತ್ತಾರೆ. ಎರಡು ನಿಮಿಷಕ್ಕೆ ಅವರು ಮರಳಿ ಬರುತ್ತಾರೆ, ತಮ್ಮ ಅತಿ ಜನಪ್ರಿಯ ಹಾಡನ್ನು ಹಾಡುತ್ತಾರೆ. ರಾಕ್ ಮತ್ತು ಪಾಪ್ ಲೋಕದಲ್ಲಿ ಇದು ಬಹುಪಾಲು ಪೂರ್ವನಿಯೋಜಿತ. ವೇದಿಕೆಯ ನೆಲಕ್ಕೆ ಅಂಟಿಸಿದ ಹಾಡುಗಳ ಪಟ್ಟಿಯಲ್ಲೇ ಅದು ಬರೆದಿರುತ್ತದೆ. ಹಿಂದೆ ಹೀಗಿರಲಿಲ್ಲ. 18ನೇ ಶತಮಾನದಲ್ಲಿ ಆಪೆರಾ ಎಂಬ ಗೀತನಾಟಕದ ವೇಳೆ ಜನ ನಿಜವಾಗಿಯೂ ಹಟ ಹಿಡಿದು ಅದೇ ಹಾಡನ್ನು ಮತ್ತೆ ಮತ್ತೆ ಹಾಡಿಸುತ್ತಿದ್ದರು. 1786ರಲ್ಲಿ ವಿಯೆನ್ನಾದಲ್ಲಿ ಮೊಜಾರ್ಟ್‌ನ ಹೊಸ ಆಪೆರಾ ಈ ಹಟದಿಂದ ಎಷ್ಟು ಉದ್ದವಾಯಿತೆಂದರೆ, ಒಬ್ಬರಿಗಿಂತ ಹೆಚ್ಚು ಮಂದಿ ಹಾಡುವ ಭಾಗಗಳನ್ನು ಮರುಕಳಿಸಕೂಡದೆಂದು ಚಕ್ರವರ್ತಿ ಎರಡನೆಯ ಜೋಸೆಫ್ ಆಜ್ಞೆ ಹೊರಡಿಸಿದ. ಈಗ ನಿಮಗೆ ಬೇಕಾದ ಸುಳಿವು ಒಂದೇ: ಸಭಾಂಗಣದ ದೀಪಗಳು ಹತ್ತಿದವೇ, ಹಿನ್ನೆಲೆಯಲ್ಲಿ ಮುದ್ರಿತ ಸಂಗೀತ ಶುರುವಾಯಿತೇ ನೋಡಿ. ಆಗಿಲ್ಲವಾದರೆ ಅವರು ಮರಳಿ ಬರುತ್ತಾರೆ. ಜನಸಂದಣಿ ತಪ್ಪಿಸಿಕೊಳ್ಳುವ ಜಾಣತನದಲ್ಲಿ ಆ ಕತ್ತಲಲ್ಲೇ ಹೊರಟವರು ಬಾಗಿಲ ಬಳಿ ನಿಂತು ಪೇಚಾಡುವುದನ್ನು ಎಷ್ಟೋ ಸಲ ಕಂಡಿದ್ದೇನೆ.

ಕಿವಿ ಹೇಳುವ ಸುಳ್ಳು

ಸದ್ದು ತಗ್ಗಿಸುವ ಕಿವಿಬಿರಡೆ ಒಯ್ಯಿರಿ ಎಂದರೆ ಕೆಲವರು ನಗುತ್ತಾರೆ. ಆ ನಗುವಿಗೆ ಕಾರಣ ಡೆಸಿಬೆಲ್ ಎಂಬ ಅಳತೆಯ ವಿಚಿತ್ರ ಲೆಕ್ಕ. 3 ಡೆಸಿಬೆಲ್ ಹೆಚ್ಚಿದರೆ ಸದ್ದಿನ ಶಕ್ತಿ ಇಮ್ಮಡಿಯಾಗುತ್ತದೆ. ಆದರೆ ಕಿವಿಗೆ ಇಮ್ಮಡಿ ಎನಿಸಲು ಸುಮಾರು 10 ಡೆಸಿಬೆಲ್ ಹೆಚ್ಚಬೇಕು. 85 ಡೆಸಿಬೆಲ್‌ಗೆ ಹೋಲಿಸಿದರೆ 100 ಡೆಸಿಬೆಲ್ ನಮಗೆ ಮೂರು ಪಟ್ಟಿಗಿಂತ ಕಡಿಮೆ ಜೋರಾಗಿ ಕೇಳುತ್ತದೆ, ಆದರೆ ಒಳಗಿವಿಗೆ ಬೀಳುವ ಶಕ್ತಿ ಮೂವತ್ತು ಪಟ್ಟಿಗೂ ಹೆಚ್ಚು. ಅಪಾಯವನ್ನು ಅಳೆಯಲು ನಮ್ಮ ಕಿವಿಯೇ ಅತ್ಯಂತ ಅವಿಶ್ವಾಸಾರ್ಹ ಸಾಧನ.

ಅಮೆರಿಕದ ವೃತ್ತಿ ಸುರಕ್ಷತಾ ಸಂಶೋಧನಾ ಸಂಸ್ಥೆ ನಿಯೋಶ್ ಕೆಲಸಗಾರರಿಗಾಗಿ ಮಾಡಿದ ಶಿಫಾರಸಿನಂತೆ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಪ್ರತಿ 3 ಡೆಸಿಬೆಲ್‌ಗೆ ಆ ಅವಧಿ ಅರ್ಧವಾಗುತ್ತದೆ. ಲೆಕ್ಕ ಹಾಕುತ್ತಾ ಹೋದರೆ 94ಕ್ಕೆ ಒಂದು ಗಂಟೆ, 100ಕ್ಕೆ ಬರೀ 15 ನಿಮಿಷ. ಧ್ವನಿವರ್ಧಕ ಬಳಸುವ ಕಾರ್ಯಕ್ರಮಗಳಲ್ಲಿ 100 ಡೆಸಿಬೆಲ್ ಅಪರೂಪವೇನಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಮನರಂಜನಾ ತಾಣಗಳಿಗಾಗಿ ಹೊರತಂದ ಮಾನದಂಡದಲ್ಲಿ ಸರಾಸರಿ ಸದ್ದು 100 ಡೆಸಿಬೆಲ್ ಮೀರಬಾರದು, ಕಿವಿರಕ್ಷಕಗಳು ಸಿಗಬೇಕು, ವಿಶ್ರಮಿಸಲು ನಿಶ್ಶಬ್ದದ ಜಾಗ ಇರಬೇಕು ಎಂದಿದೆ. ಎಲ್ಲ ಕಡೆ ಇದನ್ನು ಪಾಲಿಸುತ್ತಾರೆಂದು ನಂಬಿ ಹೋಗಬೇಡಿ.

ಅರ್ಧ ಗಂಟೆ ಕಳೆದ ಮೇಲೆ ಸದ್ದು ಮೊದಲಿನಷ್ಟು ಜೋರಿಲ್ಲ ಎನ್ನಿಸುತ್ತದೆ. ಸದ್ದು ಇಳಿದಿರುವುದಿಲ್ಲ, ಕಿವಿ ದಣಿದಿರುತ್ತದೆ. ಒಳಗಿವಿಯ ಶಂಖದಲ್ಲಿ ಹುಟ್ಟುವಾಗ ಬಂದ ಸದ್ದನ್ನು ಗ್ರಹಿಸುವ ಸುಮಾರು 15,000 ರೋಮಕೋಶಗಳಷ್ಟೇ ನಮ್ಮ ಆಸ್ತಿ. ಸತ್ತವು ಮನುಷ್ಯರಲ್ಲಿ ಮತ್ತೆ ಬೆಳೆಯುವುದಿಲ್ಲ. ಅಗ್ಗದ ಫೋಮ್ ಬಿರಡೆಗಳು ಕಾಪಾಡುತ್ತವೆ, ಆದರೆ ಮೇಲಿನ ಆವರ್ತನಗಳನ್ನು ಹೆಚ್ಚು ತಡೆಯುವುದರಿಂದ ಸಂಗೀತ ಕಂಬಳಿ ಹೊದ್ದಂತಾಗುತ್ತದೆ. ಸಂಗೀತಗಾರರಿಗೆಂದೇ ಮಾಡಿದ ಸೋಸುಕವಿರುವ ಬಿರಡೆಗಳು ಎಲ್ಲ ಆವರ್ತನಗಳನ್ನೂ ಹೆಚ್ಚುಕಡಿಮೆ ಸಮನಾಗಿ ತಗ್ಗಿಸುತ್ತವೆ. ಅವನ್ನು ಹಾಕಿಕೊಂಡರೆ ಪದಗಳು ಮೊದಲಿಗಿಂತ ಸ್ಪಷ್ಟವಾಗಿ ಕೇಳಿಸಿದರೂ ಅಚ್ಚರಿಯಿಲ್ಲ, ಏಕೆಂದರೆ ಮಿತಿ ಮೀರಿದ ಸದ್ದಿನಲ್ಲಿ ಕಿವಿಯೇ ಸ್ವರಗಳನ್ನು ಕೆಡಿಸುತ್ತದೆ. ಸಣ್ಣ ಮಕ್ಕಳಿಗೆ ಬಿರಡೆ ನಿಲ್ಲುವುದಿಲ್ಲ. ಕಿವಿ ಪೂರಾ ಮುಚ್ಚುವ ಇಯರ್‌ಮಫ್ ಬೇಕು. ಸ್ಪೀಕರ್ ರಾಶಿಯ ಎದುರು ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಲ್ಲುವ ತಂದೆಯರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಕಣ್ಣಿನ ವಿಷಯ ಒಂದೇ ಮಾತಿನಲ್ಲಿ: ಮಿನುಗುವ ಸ್ಟ್ರೋಬ್ ದೀಪಗಳು, ಅದರಲ್ಲೂ ಸೆಕೆಂಡಿಗೆ 3ರಿಂದ 30 ಸಲ ಮಿನುಗುವಂಥವು, ಬೆಳಕಿಗೆ ಪ್ರತಿಕ್ರಿಯಿಸುವ ಬಗೆಯ ಅಪಸ್ಮಾರ ಇರುವವರಲ್ಲಿ ಸೆಳೆತ ತರಬಲ್ಲವು. ಅಂಥವರು ಆಯೋಜಕರನ್ನು ಮೊದಲೇ ವಿಚಾರಿಸಬೇಕು. ವೇದಿಕೆಯ ಕೃತಕ ಮಂಜು ಆಸ್ತಮಾ ಇರುವವರನ್ನು ಕಾಡಬಹುದು.

ಜನರ ನಡುವೆ

ಸೀಟು ಗೊತ್ತುಪಡಿಸದ ನಿಲುವಿನ ಟಿಕೆಟ್ ಕೊಂಡವರು ಇದನ್ನು ಗಮನವಿಟ್ಟು ಓದಬೇಕು. 1979ರ ಡಿಸೆಂಬರ್ 3ರಂದು ಅಮೆರಿಕದ ಸಿನ್ಸಿನಾಟಿಯಲ್ಲಿ 'ದಿ ಹೂ' ತಂಡದ ಕಾರ್ಯಕ್ರಮಕ್ಕೆ ಸಾವಿರಾರು ಜನ ಮುಚ್ಚಿದ ಬಾಗಿಲುಗಳ ಮುಂದೆ ಕಾಯುತ್ತಿದ್ದರು. ಮೊದಲು ಹೊಕ್ಕವರಿಗೆ ಮುಂದಿನ ಜಾಗ. ಒಳಗಿನ ಸೌಂಡ್ ಚೆಕ್ ಕೇಳಿ ಕಾರ್ಯಕ್ರಮ ಶುರುವಾಯಿತೆಂದು ಹಿಂದಿನವರು ನೂಕಿದರು. ತೆರೆದ ಬಾಗಿಲುಗಳು ಕೆಲವೇ. 11 ಮಂದಿ ಸತ್ತರು. ಆ ನಗರ ಅಂಥ ಟಿಕೆಟ್‌ಗಳನ್ನು ನಿಷೇಧಿಸಿ 2004ರವರೆಗೆ ಆ ನಿಷೇಧವನ್ನು ಉಳಿಸಿಕೊಂಡಿತು. 2021ರ ನವೆಂಬರ್ 5ರಂದು ಹ್ಯೂಸ್ಟನ್ನಿನ ಉತ್ಸವವೊಂದರಲ್ಲಿ ಉಂಟಾದ ಒತ್ತಡಕ್ಕೆ 10 ಮಂದಿ ಬಲಿಯಾದರು.

ಇಂಥ ಸಾವುಗಳನ್ನು ಕಾಲ್ತುಳಿತ ಎಂದು ಕರೆಯುವ ವಾಡಿಕೆಯಿದೆ. ಹೆಚ್ಚಿನವರು ಸಾಯುವುದು ತುಳಿತದಿಂದಲ್ಲ, ಎದೆ ಹಿಗ್ಗಲು ಎಡೆಯಿಲ್ಲದೆ ಉಸಿರುಕಟ್ಟಿ, ಎಷ್ಟೋ ಸಲ ನಿಂತಲ್ಲೇ. ಚದರ ಮೀಟರಿಗೆ ಐದು ಜನರನ್ನು ದಾಟಿದರೆ ಗುಂಪು ಅಪಾಯದ ಗೆರೆಗೆ ಬಂದಿತೆಂದು ಲೆಕ್ಕ. ಅಲ್ಲಿಂದ ಮುಂದೆ ಒಬ್ಬೊಬ್ಬರ ಇಚ್ಛೆಗೆ ಬೆಲೆಯಿಲ್ಲ, ಒಂದು ಕಡೆಯ ನೂಕು ಅಲೆಯಾಗಿ ಇನ್ನೊಂದು ಕಡೆ ತಲುಪುತ್ತದೆ. ಕೈ ಎತ್ತಿ ಮುಖ ಮುಟ್ಟಿಕೊಳ್ಳಲು ಆಗುತ್ತಿಲ್ಲವೆಂದರೆ, ನೀವು ಹೋಗದಿದ್ದರೂ ನಿಮ್ಮ ಮೈ ಹೋಗುತ್ತಿದೆ ಎಂದರೆ, ಹಾಡು ಎಷ್ಟೇ ಪ್ರಿಯವಾಗಿರಲಿ ಅಲ್ಲಿಂದ ಹೊರಡಿ. ನೂಕಿಗೆ ಎದುರು ನಿಲ್ಲಬೇಡಿ. ತೋಳುಗಳನ್ನು ಮಡಚಿ ಎದೆಯ ಮುಂದೆ ತಂದು ಉಸಿರಿಗೆ ಜಾಗ ಉಳಿಸಿಕೊಂಡು, ಅಲೆ ತಗ್ಗಿದಾಗೆಲ್ಲ ಓರೆಯಾಗಿ ಅಂಚಿನ ಕಡೆ ಸರಿಯಿರಿ. ಕಿರುಚಿ ಉಸಿರು ಕಳೆಯಬೇಡಿ. ಬಿದ್ದವರನ್ನು ಎತ್ತಿ. ತಡೆಬೇಲಿಗೆ ಆತುಕೊಂಡ ಜಾಗ ಭದ್ರವೆಂದು ಕಾಣುತ್ತದೆ, ಒತ್ತಡ ಹೆಚ್ಚಿದಾಗ ಅದೇ ಅತಿ ಕೆಟ್ಟ ಜಾಗ.

ಒಳಗೆ ಹೊಕ್ಕ ಕೂಡಲೇ ನೀವು ಬಂದ ಬಾಗಿಲನ್ನು ಬಿಟ್ಟು ಇನ್ನೊಂದು ಬಾಗಿಲು ಎಲ್ಲಿದೆ ಎಂದು ನೋಡಿಟ್ಟುಕೊಳ್ಳಿ. 2003ರ ಫೆಬ್ರುವರಿ 20ರಂದು ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಒಂದು ಕ್ಲಬ್ಬಿನಲ್ಲಿ ವೇದಿಕೆಯ ಬಾಣಬಿರುಸು ಗೋಡೆಯ ಫೋಮ್‌ಗೆ ತಗುಲಿ ಬೆಂಕಿ ಹರಡಿದಾಗ ಬೇರೆ ಬಾಗಿಲುಗಳಿದ್ದರೂ ಬಹುಪಾಲು ಜನ ತಾವು ಒಳಬಂದ ಮುಂಬಾಗಿಲಿಗೇ ನುಗ್ಗಿದರು. 100 ಮಂದಿ ತೀರಿಕೊಂಡರು.

ಮೊಬೈಲಿನ ಬಗ್ಗೆ ನಾನು ಉಪದೇಶ ಮಾಡುವುದಿಲ್ಲ. ಆದರೆ ಅದರ ಪುಟ್ಟ ಮೈಕ್ ಇಷ್ಟು ದೊಡ್ಡ ಸದ್ದಿಗೆಂದು ಮಾಡಿದ್ದಲ್ಲ. ಮನೆಗೆ ಬಂದು ಕೇಳಿದರೆ ಗರಗರ ಸದ್ದು ಮತ್ತು ಪಕ್ಕದವರ ಅಪಸ್ವರವೇ ಹೆಚ್ಚು. ಒಂದು ಹಾಡು ಹಿಡಿದು ಒಳಗಿಡಿ, ಬ್ಯಾಟರಿ ಉಳಿಯಲಿ. ಟಿಕೆಟ್ ಮೊಬೈಲಿನಲ್ಲೇ ಇದ್ದರೆ ಅದನ್ನು ಬಾಗಿಲಿಗೆ ಬರುವ ಮೊದಲೇ ತೆರೆದಿಟ್ಟುಕೊಳ್ಳಿ. ಕೆಲವು ಟಿಕೆಟ್‌ಗಳ ಬಾರ್‌ಕೋಡ್ ಕ್ಷಣಕ್ಷಣಕ್ಕೂ ಬದಲಾಗುವುದರಿಂದ ಅದರ ಸ್ಕ್ರೀನ್‌ಶಾಟ್ ನಡೆಯುವುದಿಲ್ಲ. ಚೀಲದ ಅಳತೆಯ ನಿಯಮವನ್ನು ಮೊದಲೇ ಓದಿ. ಜೊತೆಗಾರರು ಕಳೆದುಹೋದರೆ ಸೇರುವ ಜಾಗವನ್ನು ಬಾಯಿಮಾತಿನಲ್ಲೇ ಗೊತ್ತುಮಾಡಿಕೊಳ್ಳಿ, ಏಕೆಂದರೆ ಸಾವಿರಾರು ಫೋನ್‌ಗಳು ಒಂದೇ ಕಡೆ ಸೇರಿದಲ್ಲಿ ಕರೆ ಹೋಗುವ ಭರವಸೆಯಿಲ್ಲ.

ದೀಪ ಹತ್ತಿದ ಮೇಲೆ ಹತ್ತು ಹದಿನೈದು ನಿಮಿಷ ಕುಳಿತೇ ಇರಿ, ಬಾಗಿಲ ನೂಕುನುಗ್ಗಲು ಅಷ್ಟರಲ್ಲಿ ಸಡಿಲವಾಗುತ್ತದೆ. ಆ ರಾತ್ರಿ ಕಿವಿಯಲ್ಲಿ ಗುಂಯ್ ಎನ್ನುತ್ತಿದ್ದರೆ ಮನೆಗೆ ಹೋಗುವ ದಾರಿಯಲ್ಲಿ ಮತ್ತೆ ಇಯರ್‌ಫೋನ್ ಹಾಕಬೇಡಿ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಅದು ತಾನಾಗಿ ಅಡಗುತ್ತದೆ. ಅಡಗದಿದ್ದರೆ, ಅಥವಾ ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾಗಿದ್ದರೆ, ವಾರಗಟ್ಟಲೆ ಕಾಯದೆ ಕೂಡಲೇ ಕಿವಿ ಮೂಗು ಗಂಟಲಿನ ವೈದ್ಯರನ್ನು ಕಾಣಿ. ಹಠಾತ್ ಕಿವುಡಿಗೆ ಚಿಕಿತ್ಸೆ ಫಲಿಸುವ ಸಂಭವ ಮೊದಲ ಕೆಲವು ದಿನಗಳಲ್ಲೇ ಹೆಚ್ಚು.